ನಲವತ್ತೊಂದು ಫ್ರೇಮು

ಅವರು ತೀರಿಕೊಂಡ ದಿನ ಫ್ಲೆಕ್ಸಿಗೆ ಹಾಕಲು ಒಂದು ಫೋಟೋ ಸಿಗಲಿಲ್ಲ. ಮೂವತ್ತು ವರ್ಷ ಬಣಕಲ್, ಬಾಳೂರು, ಕೊಟ್ಟಿಗೆಹಾರ, ಅತ್ತ ಕಳಸದ ತನಕ ಮದುವೆ ವಿಡಿಯೋ ತೆಗೆದ ಮನುಷ್ಯನದ್ದು ಒಂದು ನೆಟ್ಟಗಿನ ಮುಖ ಇಲ್ಲ ಅಂದರೆ ಯಾರಾದರೂ ನಂಬುತ್ತಾರಾ? ಸ್ಟುಡಿಯೋದಲ್ಲಿ ಕೂತು ಹಾರ್ಡ್ ಡಿಸ್ಕುಗಳನ್ನು ಒಂದೊಂದಾಗಿ ಹಾಕಿ ಹುಡುಕಿದೆ. ಮದುಮಗಳ ಕೋಣೆಯ ಕನ್ನಡಿಯಲ್ಲಿ ಕ್ಯಾಮೆರಾ ಹಿಡಿದ ಒಂದು ಆಕೃತಿ ಸಿಕ್ಕಿತು. ಕಾರಿನ ಗಾಜಿನಲ್ಲಿ ಒಂದು ಮೊಣಕೈ. ಕೊನೆಗೆ ಅವರ ಅಕ್ಕ ಆಧಾರ್ ಕಾರ್ಡು ತಂದು ಕೊಟ್ಟರು. ಅದರಲ್ಲಿದ್ದ ಮುಖವನ್ನೇ ದೊಡ್ಡದು ಮಾಡಿ ಬಸ್‌ಸ್ಟಾಪಿನ ಹತ್ತಿರ ಕಟ್ಟಿದೆವು. ಅವರು ಇದ್ದಿದ್ದರೆ ಆ ಫ್ಲೆಕ್ಸು ನೋಡಿ ನನಗೆ ಸರಿಯಾಗಿ ಉಗಿಯುತ್ತಿದ್ದರು.

ಹೆಸರು ಹೇಳಿದರೆ ನಮ್ಮ ಕಡೆ ಎಲ್ಲರಿಗೂ ಗೊತ್ತಾಗುತ್ತದೆ, ಅದಕ್ಕೇ ಹೇಳುವುದಿಲ್ಲ. ನಾನು ‘ಸರ್’ ಅನ್ನುತ್ತಿದ್ದೆ. ಅವರು ನನ್ನನ್ನು ‘ಮಾರಾಯ್ತಿ’ ಅನ್ನುತ್ತಿದ್ದರು, ಸಿಟ್ಟು ಬಂದಾಗ ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದರು. ಹನ್ನೊಂದು ವರ್ಷ ಅವರ ಹತ್ತಿರ ಎಡಿಟಿಂಗ್ ಮಾಡಿದ್ದೇನೆ. ಅವರಿಗೆ ಮದುವೆ ಆಗಿರಲಿಲ್ಲ. ಕೇಳಿದರೆ, “ಊರವರದ್ದೆಲ್ಲ ನೋಡಿ ನೋಡಿ ನಂದೂ ಆದ ಹಾಗೇ ಆಗಿದೆ” ಅನ್ನುತ್ತಿದ್ದರು. ನನಗೆ ಬಾಯಿ ಜಾಸ್ತಿ, ಅವರಿಗೆ ಕಡಿಮೆ, ಹಾಗಾಗಿ ಹೇಗೋ ಹೊಂದಿಕೊಂಡು ಹೋಯಿತು.

ಮದುವೆಗೆ ಬುಕ್ ಮಾಡಲು ಯಾರೇ ಬರಲಿ, ಅವರು ಮುಹೂರ್ತ ಕೇಳುತ್ತಿರಲಿಲ್ಲ, ಛತ್ರ ಯಾವುದು ಅಂತ ಕೇಳುತ್ತಿರಲಿಲ್ಲ. ಮೊದಲ ಪ್ರಶ್ನೆ ಒಂದೇ. “ಇದನ್ನ ನೀವು ಎಲ್ಲಿ ಕೂತು ನೋಡ್ತೀರಿ?” ಬಂದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆಗ ಇವರು ಬೆರಳು ಮಡಚುತ್ತಾ ವಿವರಿಸುತ್ತಿದ್ದರು. ವಿಡಿಯೋ ಅಂದರೆ ಓಡುವ ಚಿತ್ರ ಅಲ್ಲ, ನಿಂತ ಚಿತ್ರಗಳ ಸಾಲು. ಒಂದು ಸೆಕೆಂಡಿಗೆ ಎಷ್ಟು ಚಿತ್ರ ಅಂತ ತೆಗೆಯುವ ಮೊದಲೇ ತೀರ್ಮಾನ ಮಾಡಬೇಕು. “ಸಿನಿಮಾ ಥರ ಬೇಕಾ? ಇಪ್ಪತ್ನಾಲ್ಕು. ಮನೆ ಟೀವಿಯಲ್ಲಿ ಎಲ್ರೂ ಕೂತು ನೋಡ್ತೀರಾ? ಇಪ್ಪತ್ತೈದು. ಅತ್ತಿದ್ದನ್ನ ಮತ್ತೆ ಅಳ್ತಾ ನೋಡ್ತೀರಾ? ಅಷ್ಟನ್ನ ಐವತ್ತರಲ್ಲಿ ತೆಗೀತೀನಿ.” ಹೀಗೆ ಹೇಳಿ ಒಮ್ಮೆ ಕಣ್ಣು ಗಟ್ಟಿಯಾಗಿ ಮಿಟುಕಿಸುತ್ತಿದ್ದರು. ಅದೊಂದು ಅಭ್ಯಾಸ ಅವರಿಗೆ, ಮಾತು ಮುಗಿದ ಲೆಕ್ಕ.

ಎಸ್ಟೇಟಿನ ಮದುವೆಗಳಲ್ಲಿ ಕರೆಂಟು ಹೋಗುವುದು ಗ್ಯಾರಂಟಿ. ಜನರೇಟರ್ ಶುರುವಾದ ಕೂಡಲೇ ಇವರು ಕ್ಯಾಮೆರಾ ಇಳಿಸಿ, ತಲೆ ವಾರೆ ಮಾಡಿ ಅದರ ಸದ್ದು ಕೇಳುತ್ತಾ ನಿಲ್ಲುತ್ತಿದ್ದರು. ಆಮೇಲೆ ಶಟರನ್ನು ಚೂರು ಆಚೀಚೆ ಮಾಡುತ್ತಿದ್ದರು. ಒಮ್ಮೆ ಚಿಕ್ಕಮಗಳೂರಿನಿಂದ ಬಂದ ಇನ್ನೊಬ್ಬ ವಿಡಿಯೋದವನು ಹೊಸ ಕ್ಯಾಮೆರಾದಲ್ಲಿ ಇಡೀ ಮದುವೆಯನ್ನು ಅರವತ್ತರಲ್ಲಿ ತೆಗೆದ. ಅರವತ್ತು ಅಂದರೆ ಐವತ್ತಕ್ಕಿಂತ ಜಾಸ್ತಿ, ಜಾಸ್ತಿ ಅಂದರೆ ಒಳ್ಳೆಯದು ಅಂತ ಅವನ ಲೆಕ್ಕ. ಮನೆಗೆ ಹೋಗಿ ನೋಡಿದರೆ ಟ್ಯೂಬ್‌ಲೈಟಿನ ಬೆಳಕಲ್ಲಿ ತೆಗೆದದ್ದಕ್ಕೆಲ್ಲ ಕಪ್ಪು ಪಟ್ಟಿ, ಧಾರೆ ಎರೆಯುವವರ ಮುಖದ ಮೇಲೆ ಮೇಲಿಂದ ಕೆಳಗೆ ಹರಿಯುತ್ತಾ ಇದೆ. ಅಳು ಮುಖ ಮಾಡಿಕೊಂಡು ನಮ್ಮಲ್ಲಿಗೆ ಬಂದ. ಇವರು ಬೈಯಲಿಲ್ಲ. “ನಮ್ಮೂರ ಕರೆಂಟು ಐವತ್ತರ ಲೆಕ್ಕದಲ್ಲಿ ಮಿಡೀತದೆ ಮಾರಾಯ. ದೀಪ ಮಿಡಿಯೋ ಹಾಗೇ ನೀನೂ ಕಣ್ಣು ಮಿಟುಕಿಸ್ಬೇಕು. ನಂಬರ್ ದೊಡ್ಡದಿದ್ರೆ ಕಣ್ಣು ದೊಡ್ಡದಾಗ್ತದಾ?” ಅಂದರು, ಆಮೇಲೆ ಬೆಲ್ಲದ ಕಾಫಿ ಕುಡಿಸಿ ಕಳಿಸಿದರು.

ಐವತ್ತರ ಗುಟ್ಟು ನನಗೆ ಕಲಿಸಿದ್ದು ಅವರೇ. ಸೆಕೆಂಡಿಗೆ ಐವತ್ತು ಚಿತ್ರ ತೆಗೆದು, ಇಪ್ಪತ್ತೈದರ ಲೆಕ್ಕದಲ್ಲಿ ಓಡಿಸಿದರೆ ಎಲ್ಲವೂ ಅರ್ಧ ವೇಗದಲ್ಲಿ, ನಯವಾಗಿ ನಡೆಯುತ್ತದೆ. ಆದರೆ ಇಪ್ಪತ್ತೈದರಲ್ಲೇ ತೆಗೆದದ್ದನ್ನು ಆಮೇಲೆ ನಿಧಾನ ಮಾಡಲು ಹೋದರೆ ಮುಗ್ಗರಿಸುತ್ತದೆ, ಯಾಕೆಂದರೆ ನಡುವಿನ ಚಿತ್ರಗಳು ಇಲ್ಲವೇ ಇಲ್ಲ. ಹಾಗಾಗಿ ಯಾವ ಗಳಿಗೆಯನ್ನು ನಿಧಾನ ಮಾಡಬೇಕು ಅಂತ ಅದು ನಡೆಯುವ ಮೊದಲೇ ಗೊತ್ತಿರಬೇಕು. ಧಾರೆಯ ನೀರು, ಆರತಿ, ಮದುಮಗಳು ಹೊರಡುವಾಗ ಅಪ್ಪನ ಕೆನ್ನೆ ನಡುಗುವುದು, ಇವಕ್ಕೆಲ್ಲ ಒಂದೆರಡು ಕ್ಷಣ ಮೊದಲು ಅವರ ಹೆಬ್ಬೆರಳು ತಾನಾಗಿ ಬಟನ್ನಿನ ಮೇಲೆ ಹೋಗುತ್ತಿತ್ತು. ಅಳು ಬರುವುದು ಅಳುವವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ಇನ್ನೊಂದು ಹಟ ಇತ್ತು, ಮಸುಕಿನ ವಿಷಯದಲ್ಲಿ. ಕೈ ಬೀಸುವಾಗ ಚಿತ್ರದಲ್ಲಿ ಕೈ ಮಸುಕಾಗಿ ಬಂದರೆ ನಾನು ಆ ತುಂಡು ತೆಗೆದು ಹಾಕುತ್ತಿದ್ದೆ. ಅವರು ವಾಪಸ್ ಸೇರಿಸುತ್ತಿದ್ದರು. “ಆಡುವ ಕೈ ಮಸುಕಾಗ್ಲೇಬೇಕು ಮಾರಾಯ್ತಿ. ಮಸುಕಾಗ್ಲಿಲ್ಲ ಅಂದ್ರೆ ಅದು ಆಡ್ತಾ ಇಲ್ಲ ಅಂತ ಅರ್ಥ.” ನನಗೆ ಆಗ ಅದು ಹಳೇ ಕಾಲದವರ ಮೊಂಡು ವಾದ ಅನ್ನಿಸಿತ್ತು. ಬಾಯಿಬಿಟ್ಟು ಹೇಳಿಯೂ ಇದ್ದೆ.

ಸ್ಟುಡಿಯೋದ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು, ಒಳಗೆ ಸಣ್ಣ ಬಲ್ಬು. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದಲ್ಲ, ಅದಕ್ಕೆ ಲೆನ್ಸುಗಳೆಲ್ಲ ಆ ಬೆಚ್ಚಗಿನ ಪೆಟ್ಟಿಗೆಯಲ್ಲಿರುತ್ತಿದ್ದವು. ಹಾಳಾಗಬಾರದು ಅನ್ನಿಸಿದ್ದನ್ನೆಲ್ಲ ಅವರು ಅದರಲ್ಲೇ ಇಡುತ್ತಿದ್ದರು. ಒಮ್ಮೆ ಅಕ್ಕನ ಮಾತ್ರೆ ಚೀಟಿಯನ್ನೂ ಇಟ್ಟಿದ್ದರು. ನಾನು ಆ ಬಲ್ಬಿಗೆ ‘ನಿಮ್ಮ ದೇವರ ದೀಪ’ ಅಂತ ತಮಾಷೆ ಮಾಡುತ್ತಿದ್ದೆ.

ಬಾಳೂರಿನಿಂದ ಒಬ್ಬ ಹೆಂಗಸು ಬಂದದ್ದು ಮೂರು ವರ್ಷದ ಹಿಂದೆ, ಒಂದು ಮಧ್ಯಾಹ್ನ. ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಿಸುವ ಕೆಲಸ ಅವರದ್ದು. ಗಂಡ ಅದೇ ಎಸ್ಟೇಟಿನಲ್ಲಿ ಜೀಪ್ ಡ್ರೈವರ್. ಎದೆನೋವು ಅಂತ ಮೂಡಿಗೆರೆಗೆ ಕರೆದುಕೊಂಡು ಬರುವ ದಾರಿಯಲ್ಲೇ ಹೋಗಿಬಿಟ್ಟಿದ್ದ, ಮೂರು ತಿಂಗಳಾಗಿತ್ತು. ಆ ಹೆಂಗಸು ಬಾಗಿಲಲ್ಲೇ ನಿಂತು, ಒಳಗೆ ಬನ್ನಿ ಅಂದರೂ ಬರದೆ, ಅಲ್ಲಿಂದಲೇ ಹೇಳಿದರು. “ಫೋಟೋ ಉಂಟು. ಓಡಾಡೋದು ಒಂದೂ ಇಲ್ಲ. ಎಲ್ಲರ ವಿಡಿಯೋನೂ ಅವ್ರೇ ಮಾಡ್ತಿದ್ರು ಫೋನಲ್ಲಿ, ಅವ್ರದ್ದು ಯಾರೂ ಮಾಡ್ಲಿಲ್ಲ. ಸಾವ್ಕಾರ್ರ ಮಗಳ ಮದುವೆ ವಿಡಿಯೋದಲ್ಲಿ ಒಂಚೂರು ಬರ್ತಾರೆ. ಮೊನ್ನೆ ಸಾವ್ಕಾರ್ರ ಮನೇಲಿ ಹಾಕಿದಾಗ ನೋಡ್ದೆ. ನೋಡೋದ್ರೊಳಗೆ ಹೋಗ್ಬಿಡ್ತಾರೆ.”

ಹುಡುಕಿ ತೆಗೆದೆವು. ದಿಬ್ಬಣದ ಜೀಪು ಬಂದು ನಿಲ್ಲುತ್ತದೆ. ಡ್ರೈವರ್ ಬಾಗಿಲು ತೆಗೆದು ಇಳಿಯುತ್ತಾ, ಯಾರೋ ಏನೋ ಅಂದದ್ದಕ್ಕೆ ಥಟ್ಟನೆ ತಿರುಗಿ, ಮುಂಗೈಯಿಂದ ಮೀಸೆ ಒರೆಸಿಕೊಂಡು ನಗುತ್ತಾನೆ. ಅಷ್ಟರಲ್ಲಿ ಕ್ಯಾಮೆರಾ ಮದುಮಗಳ ಕಡೆ ಹೋಗುತ್ತದೆ. ಒಂದು ಸೆಕೆಂಡು ಹದಿನಾರು ಫ್ರೇಮು. ಇಪ್ಪತ್ತೈದರ ಲೆಕ್ಕದಲ್ಲಿ ಒಟ್ಟು ನಲವತ್ತೊಂದು ಚಿತ್ರ. ಆ ಹೆಂಗಸು ಈಗ ಒಳಗೆ ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. “ಇನ್ನೊಂಚೂರು ಹೊತ್ತು ಇರೋ ಹಾಗೆ ಮಾಡಿಕೊಡಿ. ಅಷ್ಟೇ ಸಾಕು” ಅಂದರು.

ಸರ್ ತಾವೇ ಕೂತರು. ನಿಧಾನ ಮಾಡಿದರು, ಚಿತ್ರ ಮುಗ್ಗರಿಸಿತು. ಇಲ್ಲದ ಚಿತ್ರಗಳನ್ನು ಕಂಪ್ಯೂಟರಿನಿಂದಲೇ ಹುಟ್ಟಿಸುವ ದಾರಿ ಈಗ ಇದೆ. ಎರಡು ಚಿತ್ರಗಳ ನಡುವೆ ಏನಿದ್ದಿರಬಹುದು ಅಂತ ಅದು ಊಹಿಸಿ ತುಂಬುತ್ತದೆ. ಅದನ್ನೂ ಮಾಡಿದರು. ಮನುಷ್ಯ ನಯವಾಗಿ ತಿರುಗಿದ. ಆದರೆ ಕೈ ಮುಖದ ಮುಂದೆ ಹಾಯುವಾಗ ಮೀಸೆ ಕೈಯೊಳಗೆ ಕರಗಿ, ಆಮೇಲೆ ಇನ್ನೊಂದು ಬಾಯಿ ಮೂಡಿತು. ಸರ್ ಅಲ್ಲಿಗೆ ನಿಲ್ಲಿಸಿ ತುಂಬಾ ಹೊತ್ತು ಅದನ್ನೇ ನೋಡಿದರು. ಆಮೇಲೆ ತಿರುಗಿ, “ಆಗಲ್ಲಮ್ಮ. ಇದು ಬೇರೆ ಯಾರೋ ಆಗ್ತಾರೆ. ಆಗದಿರೋ ನಗುವನ್ನ ನಾನು ಮಾಡಿ ಕೊಡಬಾರ್ದು. ಇದ್ದಷ್ಟನ್ನ ಇದ್ದ ಹಾಗೇ ಹಾಕಿ ಕೊಡ್ತೀನಿ” ಅಂದರು. ಹೆಂಗಸು ಅದನ್ನು ತೆಗೆದುಕೊಳ್ಳಲೂ ನಿಲ್ಲದೆ ಹೋಗಿ ಬಸ್‌ಸ್ಟಾಪಿನಲ್ಲಿ ನಿಂತರು. ಬಾಳೂರಿನ ಬಸ್ಸು ಬಂತು, ಅವರು ಹತ್ತಲಿಲ್ಲ. ಬಸ್ಸು ಬಂದದ್ದೇ ಕಂಡಿರಲಿಕ್ಕಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಆವತ್ತು ಸರ್ ಊಟ ಮಾಡಲಿಲ್ಲ. “ನಲವತ್ತೊಂದು” ಅಂತ ತಮ್ಮಷ್ಟಕ್ಕೆ ಅಂದರು. “ಜೀಪು ಬರುವಾಗ ನನ್ನ ಹೆಬ್ಬೆರಳು ಬಟನ್ ಮೇಲೇ ಇತ್ತು. ಮದುಮಗಳು ಇಳಿಯೋಕೆ ಐವತ್ತು ಮಾಡೋಣ ಅಂತ ಕಾಯ್ತಿದ್ದೆ. ಡ್ರೈವರ್ ನಗೋದನ್ನ ಯಾರು ನಿಧಾನಕ್ಕೆ ನೋಡ್ತಾರೆ ಅಂತ ನಾನೇ ತೀರ್ಮಾನ ಮಾಡಿದೆ ನೋಡು. ನಾನು ಯಾರು ತೀರ್ಮಾನ ಮಾಡೋಕೆ?” ನಾನು, “ಅದಕ್ಕೆಲ್ಲ ಯಾಕೆ ಸರ್ ತಲೆ ಕೆಡಿಸ್ಕೊಳ್ತೀರಿ, ಮದುವೆ ವಿಡಿಯೋ ಅದು” ಅಂದೆ. ಅವರು ನನ್ನನ್ನು ಹೆಸರು ಹಿಡಿದು ಕರೆದರು.

ಅಲ್ಲಿಂದ ಅವರ ಕೆಲಸದ ರೀತಿಯೇ ಬದಲಾಯಿತು. ಮದುವೆಯಲ್ಲಿ ಅಡುಗೆ ಭಟ್ಟರು, ಎಲೆ ತೆಗೆಯುವವರು, ಓಲಗದವರು, ಜೀಪಿಗೆ ಒರಗಿ ನಿಂತ ಡ್ರೈವರುಗಳು, ಮೂಲೆಯಲ್ಲಿ ಕೂತ ಅಜ್ಜಿಯರು, ಒಬ್ಬೊಬ್ಬರನ್ನೂ ಹತ್ತು ಹತ್ತು ಸೆಕೆಂಡು ಐವತ್ತರಲ್ಲಿ ತೆಗೆಯುತ್ತಿದ್ದರು. ಕ್ಯಾಮೆರಾದ ಮೆಮೊರಿ ಕಾರ್ಡು ತುಂಬಿ, ಮದುಮಕ್ಕಳ ಊಟದ ಹೊತ್ತಿಗೆ ಜಾಗ ಇಲ್ಲದೆ ಪರದಾಡಿದ್ದೂ ಉಂಟು. ನನಗೆ ರೇಗಿ ಹೋಗುತ್ತಿತ್ತು. “ಇದನ್ನೆಲ್ಲ ಯಾರು ನೋಡ್ತಾರೆ ಸರ್?” ಅಂದರೆ, “ಯಾರಿಗೂ ಇದನ್ನ ಹುಡುಕ್ಕೊಂಡು ಬಂದು ನೋಡೋ ಹಾಗೆ ಆಗದೆ ಇರ್ಲಿ ಅಂತ ಬೇಡ್ಕೋ” ಅನ್ನುತ್ತಿದ್ದರು. ಆ ಮಾತಿಗೆ ಕಣ್ಣು ಮಿಟುಕಿಸುತ್ತಿರಲಿಲ್ಲ.

ಈಗ ನನ್ನ ವಿಷಯ ಹೇಳಬೇಕು. ಹೇಳದೆ ಅವರ ಚಿತ್ರ ಪೂರ್ತಿ ಆಗುವುದಿಲ್ಲ.

ಆ ಹೆಂಗಸು ಬಂದು ಹೋದ ಮುಂದಿನ ವಾರ ಸರ್ ಕಳಸದ ಕಡೆ ಒಂದು ಮದುವೆಗೆ ಹೋಗಿದ್ದರು. ಬಸ್ಸು ಹತ್ತದೆ ನಿಂತ ಆ ಮುಖ ನನ್ನ ತಲೆಯಿಂದ ಹೋಗಿರಲಿಲ್ಲ. ಇವರದ್ದೆಂತ ದೊಡ್ಡ ಸಿದ್ಧಾಂತ, ಒಂದು ಬಡ ಜೀವಕ್ಕೆ ಸಮಾಧಾನ ಆಗುವುದಾದರೆ ಆಗಲಿ ಅಂತ ಕೂತೆ. ಬೇರೆ ಹೊಸ ಸಾಫ್ಟ್‌ವೇರು ಇಳಿಸಿದೆ. ಕೈಯ ಮಸುಕನ್ನು ಪೂರ್ತಿ ಒರೆಸಿದೆ. ಕರಗುತ್ತಿದ್ದ ಮೀಸೆಯನ್ನು ಒಂದೊಂದು ಚಿತ್ರದಲ್ಲೂ ಕೂರಿಸಿದೆ. ಅರ್ಧ ಮುಚ್ಚಿದ್ದ ಒಂದು ಕಣ್ಣನ್ನು ಚೂರು ತೆರೆಸಿದೆ. ಒಂದೂವರೆ ಸೆಕೆಂಡಿನ ಮನುಷ್ಯ ಆರು ಸೆಕೆಂಡಿನವನಾದ. ನೂರೈವತ್ತು ಚಿತ್ರ, ಅದರಲ್ಲಿ ನಲವತ್ತೊಂದು ಅವನದ್ದು, ನೂರಾ ಒಂಬತ್ತು ನನ್ನದು. ಚೆನ್ನಾಗಿಯೇ ಬಂದಿತ್ತು. ನನ್ನ ಕೈಚಳಕಕ್ಕೆ ನಾನೇ ಮೆಚ್ಚಿದೆ.

ಸಂತೆಗೆ ಬಂದಿದ್ದ ಆ ಹೆಂಗಸನ್ನು ಕರೆದು ತೋರಿಸಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ನೋಡಿದರು. ಮತ್ತೆ ಹಾಕು ಅಂದರು, ಮತ್ತೆ ಹಾಕು ಅಂದರು. ಪೆನ್‌ಡ್ರೈವು ಕೈಗೆ ಕೊಟ್ಟಾಗ ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡರು. “ಸರ್‌ಗೆ ಹೇಳ್ಬೇಡಿ” ಅಂದೆ. ಕಳಸದಿಂದ ವಾಪಸ್ ಬಂದ ಸರ್ ಕಂಪ್ಯೂಟರ್ ಹಾಕಿ, ಏನನ್ನೋ ತೆರೆದು ನೋಡಿ ಮುಚ್ಚಿ, “ಕಾಫಿ ಕುಡಿಯಾಣ ಬಾ” ಅಂದರು. ನನಗೆ ಜೀವ ಬಂದ ಹಾಗಾಯಿತು. ಅವರಿಗೆ ಗೊತ್ತಾಗಿಲ್ಲ ಅಂದುಕೊಂಡೆ.

ಗೊತ್ತಾಗಿತ್ತು. ಅದು ನನಗೆ ತಿಳಿದದ್ದು ಅವರು ಹೋದ ಮೇಲೆ. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದು, ಎರಡೇ ತಿಂಗಳಲ್ಲಿ ಎಲ್ಲ ಮುಗಿಯಿತು. ಅವರ ಅಕ್ಕ ಸ್ಟುಡಿಯೋದ ಬೀಗದ ಕೈ ನನಗೇ ಕೊಟ್ಟು, “ನೀನೇ ನೋಡ್ಕೋ” ಅಂದರು. ಬಲ್ಬಿನ ಪೆಟ್ಟಿಗೆ ಶುಚಿ ಮಾಡುವಾಗ ಲೆನ್ಸುಗಳ ಹಿಂದೆ ಒಂದು ಪೊಟ್ಟಣ ಇತ್ತು. ಮೇಲೆ ಅವರ ಅಕ್ಷರ, ಅವರು ಕಳಸದಿಂದ ಬಂದ ಮರುದಿನದ ತಾರೀಖು. ‘ಬಾಳೂರಿನವರು ವಾಪಸ್ ಬಂದರೆ ಕೊಡು ಮಾರಾಯ್ತಿ.’ ಒಳಗೆ ಸಣ್ಣ ಸಣ್ಣ ಪ್ರಿಂಟುಗಳು, ಒಂದು ಬದಿ ಸೇರಿಸಿ ಕಪ್ಪು ಟೇಪು ಸುತ್ತಿ, ಕಂಡಕ್ಟರನ ಟಿಕೆಟ್ ಪುಸ್ತಕದ ಹಾಗೆ ಕಟ್ಟಿದ್ದು. ಎಣಿಸಬೇಕಾದ್ದಿರಲಿಲ್ಲ, ಆದರೂ ಎಣಿಸಿದೆ. ನಲವತ್ತೊಂದು.

ವಾಪಸ್ ಬಂದರೆ ಅಂತ ಬರೆದಿದ್ದರು. ಬರುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಎರಡು ವರ್ಷ ನನ್ನ ಎದುರೇ ಕೂತು ಕಾಫಿ ಕುಡಿದರು, ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಬಾಳೂರು ಇಲ್ಲೇ ಇದೆ, ನಾನೇ ಹೋಗಿ ಕೊಟ್ಟು ಬರಬಹುದಿತ್ತು. ಹೋಗಲಿಲ್ಲ. ಆ ಹೆಂಗಸು ಬರದೆ ಇರಲಿ, ಪೆನ್‌ಡ್ರೈವಿನಲ್ಲೇ ಸುಖವಾಗಿರಲಿ ಅಂತ ಬೇಡಿಕೊಂಡೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಷ್ಟು ಹೊತ್ತಿಗೆ ನಾನು ಮಾಡಿದ ಆ ಮುಖ ನನಗೇ ಕಾಣಲು ಶುರುವಾಗಿತ್ತು. ಮೂಡಿಗೆರೆ ಬಸ್ಸಿನಲ್ಲಿ ಮುಂದೆ ಕೂತವನು ತಿರುಗಿದರೆ ಸಾಕು, ನಾನು ಮುಖ ಕಿಟಕಿಯ ಕಡೆ ಮಾಡುತ್ತಿದ್ದೆ. ಸತ್ತ ಡ್ರೈವರನ ಮುಖ ಆಗಿದ್ದರೆ ಹೆದರುತ್ತಿರಲಿಲ್ಲ. ಇದು ಯಾವತ್ತೂ ಬದುಕಿಯೇ ಇರದವನ ಮುಖ.

ಹೋದ ತಿಂಗಳು ಬಾಳೂರಿನ ಆ ಹೆಂಗಸು ಬಂದರು. ಈ ಸಲ ಬಾಗಿಲಲ್ಲಿ ನಿಲ್ಲದೆ ನೇರ ಒಳಗೆ ಬಂದು ಕೂತರು. ಗೋಡೆಗೆ ಹಾಕಿದ್ದ ಸರ್ ಆಧಾರ್ ಫೋಟೋ ನೋಡಿ, “ಇವ್ರೂ ಹೋದ್ರಾ” ಅಂದರು. ಆಮೇಲೆ ಕರ್ಚೀಫಿನ ಗಂಟು ಬಿಚ್ಚಿ ಪೆನ್‌ಡ್ರೈವು ಮೇಜಿನ ಮೇಲಿಟ್ಟರು.

“ಹಾಳಾಗಿದ್ಯಾ?” ಅಂದೆ.

“ಇಲ್ಲ ಮಗ, ಚೆನ್ನಾಗೇ ಉಂಟು. ದಿನಾ ಹಾಕಿ ನೋಡ್ತಿದ್ದೆ.” ಬಿಚ್ಚಿದ ಕರ್ಚೀಫನ್ನು ಮಡಚಿದರು. “ಈಗ ಕಣ್ಣು ಮುಚ್ಚಿದ್ರೆ ಅವ್ರು ಬರಲ್ಲ. ಇದ್ರಲ್ಲಿರೋರೇ ಬರ್ತಾರೆ. ನಮ್ಮನೆಯವ್ರು ಅವಸರದ ಮನುಷ್ಯ. ತಟ್ಟೆ ಇಡೋದ್ರೊಳಗೆ ಕೈ ತೊಳ್ಕೊಂಡು ಬರ್ತಿದ್ರು, ಬೈತಾ ಬೈತಾನೇ ನಗ್ತಿದ್ರು. ಈಗ ಕನಸಲ್ಲಿ ಬಂದ್ರೂ ನಿಧಾನಕ್ಕೆ ತಿರುಗ್ತಾರೆ, ನಗ್ತಾರೆ. ಮಾತಾಡಲ್ಲ. ಬೈಯಲ್ಲ. ಹಿಂಗೆ ಅವ್ರು ಯಾವತ್ತೂ ತಿರುಗಿದೋರಲ್ಲ. ಮೊದಲಿಂದು ಹೆಂಗಿತ್ತು ಅಂತ ನೆನಪು ಮಾಡ್ಕೊಳಕ್ಕೆ ಹೋದ್ರೆ ಸಿಗೋದೇ ಇಲ್ಲ. ನಂಗೆ ಆವತ್ತಿನ ಚೂರೇ ಕೊಡು. ಇದ್ದಷ್ಟೇ ಇರ್ಲಿ.”

ಎದ್ದು ಬಲ್ಬಿನ ಪೆಟ್ಟಿಗೆ ತೆಗೆದು ಪೊಟ್ಟಣ ತಂದು ಕೊಟ್ಟೆ. “ಸರ್ ನಿಮಗೆ ಅಂತ ಮಾಡಿಟ್ಟಿದ್ರು” ಅಂದೆ. ಕಾಗದ ಬೆಚ್ಚಗಿತ್ತು. ಅವರಿಗೆ ಮೊದಲು ಏನು ಅಂತ ತಿಳಿಯಲಿಲ್ಲ. ಹೆಬ್ಬೆರಳಿಂದ ಅಂಚು ಹಿಡಿದು ಚಿತ್ರಗಳನ್ನು ಸರಸರ ಬಿಡಬೇಕು ಅಂತ ತೋರಿಸಿದೆ. ಅವರ ಹೆಬ್ಬೆರಳು ಕಾಫಿ ಕಣದಲ್ಲಿ ದುಡಿದು ದಪ್ಪಗಾದದ್ದು, ಮೊದಲ ಸಲ ಎಲ್ಲ ಒಟ್ಟಿಗೆ ಜಾರಿಹೋದವು. ಎರಡನೇ ಸಲ ಜೀಪಿನ ಬಾಗಿಲು ತೆರೆಯಿತು. ಡ್ರೈವರ್ ಇಳಿದ, ಥಟ್ಟನೆ ತಿರುಗಿದ, ಮೀಸೆ ಒರೆಸಿಕೊಂಡ, ನಕ್ಕ, ಹೋದ. ಅವರು ಮತ್ತೆ ಬಿಟ್ಟರು. ಬೇಗ ಬಿಟ್ಟರು, ಆಮೇಲೆ ನಿಧಾನಕ್ಕೆ ಬಿಟ್ಟರು. ಮುಗ್ಗರಿಸುತ್ತಾ ಮುಗ್ಗರಿಸುತ್ತಾ ಬಂದ. ಒಂದು ಕಡೆ ಹೆಬ್ಬೆರಳು ನಿಂತಿತು.

ಬಗ್ಗಿ ನೋಡಿದೆ. ಕೈ ಮುಖದ ಮುಂದೆ ಹಾಯುವ ಚಿತ್ರ ಅದು. ಮೀಸೆ ಕಾಣುವುದಿಲ್ಲ. ಒಂದು ಕಣ್ಣು ಅರ್ಧ ಮುಚ್ಚಿದೆ. ಕೈ ಬರೀ ಒಂದು ಮಸುಕು. ನಾನು ಮೊದಲು ಒರೆಸಿದ್ದೇ ಇದನ್ನು.

“ಹೂಂ” ಅಂದರು ಅವರು. “ಇವ್ರೇ.” ಅಳಲಿಲ್ಲ. ಗಂಡ ಎದುರಿಗೆ ಕೂತಿದ್ದರೆ ಹೆಂಡತಿ ಹೇಗೆ ನೋಡುತ್ತಾಳೋ ಹಾಗೆ, ಸ್ವಲ್ಪ ಸಿಡುಕಿನಿಂದಲೇ ನೋಡುತ್ತಾ ಕೂತರು. ಹೊರಗೆ ಬಾಳೂರಿನ ಬಸ್ಸು ಹಾರ್ನ್ ಮಾಡಿತು. ಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

“ಅಮ್ಮ, ಇದು?” ಅಂತ ಪೆನ್‌ಡ್ರೈವು ತೋರಿಸಿದೆ.

ಹೊಸ್ತಿಲ ಹತ್ತಿರ ತಿರುಗಿ ನೋಡಿದರು. ಕೋಪ ಇರಲಿಲ್ಲ ಆ ಮುಖದಲ್ಲಿ. “ಅದು ನೀನು ಮಾಡಿದ ಮನುಷ್ಯ ಅಲ್ವ ಮಗ. ನೀನೇ ಇಟ್ಕೋ.”

ಇಟ್ಟುಕೊಂಡಿದ್ದೇನೆ. ಬಲ್ಬಿನ ಪೆಟ್ಟಿಗೆಯಲ್ಲಿ, ಪೊಟ್ಟಣ ಇದ್ದ ಜಾಗದಲ್ಲೇ ಇದೆ. ಅಳಿಸೋಣ ಅಂತ ಎರಡು ಸಲ ಕಂಪ್ಯೂಟರಿಗೆ ಹಾಕಿ ಕೂತೆ. ಎರಡು ಸಲವೂ ಅವನು ನಿಧಾನಕ್ಕೆ ನನ್ನ ಕಡೆ ತಿರುಗಿ ನಕ್ಕ.